ಮೈನಸ್ ಬಿ ಬೈ ಟೂ ಎ: ಗೊತ್ತು, ಆದರೆ ಯಾಕೆ?

ಒಂಟಾರಿಯೋದ ಹತ್ತನೇ ತರಗತಿಯ ಅಕಾಡೆಮಿಕ್ ಗಣಿತದಲ್ಲಿ ಪರವಲಯದ್ದೇ ದೊಡ್ಡ ಪಾಲು. ಒಂದು ವರ್ಗ ಸಮೀಕರಣ ಕೊಟ್ಟು, ನಕ್ಷೆಯ ಶೃಂಗ ಎಲ್ಲಿದೆ, ಸಮಮಿತಿ ಅಕ್ಷ ಯಾವುದು, ಎಕ್ಸ್ ಅಕ್ಷವನ್ನು ಎಲ್ಲಿ ಮುಟ್ಟುತ್ತದೆ ಎಂದು ಕೇಳುತ್ತಾರೆ. ನಮ್ಮ ಸ್ಟ್ರೀಟ್ಸ್‌ವಿಲ್‌ನ ಮನೆಗಳಲ್ಲಿ ಇದಕ್ಕೆ ಎರಡು ದಾರಿ. ಊರಿನಲ್ಲಿ ಓದಿ ಬಂದ ಹಿರಿಯರು "ಫಾರ್ಮುಲಾ ಬಾಯಿಪಾಠ ಮಾಡು" ಎನ್ನುತ್ತಾರೆ. ಮಕ್ಕಳು ಡೆಸ್ಮೋಸ್‌ನಲ್ಲಿ ಸಮೀಕರಣ ಹಾಕಿ, ಬಿಂದುವನ್ನು ಒತ್ತಿ, ಕಂಡದ್ದನ್ನು ಬರೆಯುತ್ತಾರೆ. ಎರಡೂ ದಾರಿಯಲ್ಲಿ ಉತ್ತರ ಸರಿಯೇ ಬರುತ್ತದೆ. ಆದರೆ ಆ ಬಿಂದು ಅಲ್ಲೇ ಯಾಕಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ನಮ್ಮ ತಕರಾರು ಇಷ್ಟೇ.

ಹಿತ್ತಲನ್ನೇ ನೋಡೋಣ. ಬೇಸಿಗೆಯಲ್ಲಿ ಮೆಂತ್ಯ, ಹರಿವೆ ಬಿತ್ತುವವರಿಗೆ ಇಲ್ಲಿನ ಮೊಲಗಳ ಕಾಟ ಹೇಳಬೇಕಾಗಿಲ್ಲ! ಕೈಯಲ್ಲಿ 20 ಮೀಟರ್ ತಂತಿ ಬಲೆ ಇದೆ ಎನ್ನಿ. ಒಂದು ಬದಿಗೆ ಮನೆಯ ಗೋಡೆಯೇ ಆಯಿತು, ಉಳಿದ ಮೂರು ಬದಿಗೆ ಬಲೆ. ಪಾತಿಯ ಅಗಲ ಎಕ್ಸ್ ಆದರೆ, ಉದ್ದಕ್ಕೆ ಉಳಿಯುವುದು 20ರಲ್ಲಿ 2 ಎಕ್ಸ್ ಕಳೆದಷ್ಟು. ಎರಡನ್ನೂ ಗುಣಿಸಿದರೆ ವಿಸ್ತೀರ್ಣ. ಅಗಲ 0 ಆದರೆ ಪಾತಿಯೇ ಇಲ್ಲ. 10 ಆದರೆ ಬಲೆಯೆಲ್ಲ ಅಗಲಕ್ಕೇ ಮುಗಿದು ಉದ್ದ ಸೊನ್ನೆ. ನಕ್ಷೆ ಅಕ್ಷವನ್ನು ಮುಟ್ಟುವ ಎರಡು ಬಿಂದುಗಳು ಇವೇ. ಅಗಲ 3 ಆದಾಗ ವಿಸ್ತೀರ್ಣ 42, ಅಗಲ 7 ಆದಾಗಲೂ 42. ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ. ಹಾಗಾದರೆ ಮಡಿಕೆ ನಟ್ಟನಡುವೆ, 5ರಲ್ಲಿ. ಅಲ್ಲಿ ಉದ್ದ 10, ವಿಸ್ತೀರ್ಣ 50 ಚದರ ಮೀಟರ್, ಅದೇ ಶೃಂಗ. ಎಕ್ಸ್ ವರ್ಗದ ಮುಂದೆ ಮೈನಸ್ ಇರುವುದರಿಂದ ನಕ್ಷೆ ಕೆಳಮುಖ. ಆದ್ದರಿಂದ 50 ಎಂಬುದು ಗರಿಷ್ಠ. ಚೌಕವೇ ಲಾಭ ಎಂದು ಊಹಿಸಿದವರಿಗೆ ಸಿಗುವುದು ಸುಮಾರು 44 ಮಾತ್ರ.

ಸೂತ್ರ ಹೇಳುವುದೂ ಈ 5ನ್ನೇ. ಆದರೆ "ಅತಿ ಹೆಚ್ಚು ಎಷ್ಟು?" ಎಂದರೆ ಶೃಂಗ, "ಏನೂ ಉಳಿಯದಿರುವುದು ಯಾವಾಗ?" ಎಂದರೆ ಅಕ್ಷದ ಬಿಂದುಗಳು ಎಂದು ಸೂತ್ರ ಹೇಳಿಕೊಡುವುದಿಲ್ಲ. ಪರೀಕ್ಷೆಯಲ್ಲಿ ಮಾತಿನ ಲೆಕ್ಕ ಬಂದಾಗ ಮಕ್ಕಳು ತಡವರಿಸುವುದು ಇಲ್ಲಿಯೇ.

ನಕ್ಷೆ ಅಕ್ಷವನ್ನು ಮುಟ್ಟದೇ ಇದ್ದರೆ? ಎಕ್ಸ್ ವರ್ಗ ಮೈನಸ್ 4 ಎಕ್ಸ್ ಪ್ಲಸ್ 7 ತೆಗೆದುಕೊಳ್ಳಿ. ಮೂಲಗಳನ್ನು ಹುಡುಕಿದರೆ ಮೈನಸ್ 12ರ ವರ್ಗಮೂಲ ಎದುರಾಗುತ್ತದೆ, ಕ್ಯಾಲ್ಕುಲೇಟರ್ ಎರರ್ ಎನ್ನುತ್ತದೆ, ಮಗು ಪೆನ್ಸಿಲ್ ಕೆಳಗಿಡುತ್ತದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಋಣ ಸಂಖ್ಯೆ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಹೇಳಿಟ್ಟಿದ್ದಾರೆ. ಅವರ ಬಳಿ ಗ್ರಾಫ್ ಇರಲಿಲ್ಲ. ಅದಕ್ಕೆ 17ನೆಯ ಶತಮಾನದ ಡೆಕಾರ್ಟ್, ಫರ್ಮಾ ಬರಬೇಕಾಯಿತು. ನಮ್ಮ ಮಕ್ಕಳ ಬಳಿ ಇದೆ. ಎಕ್ಸ್ 0 ಆದಾಗ ಎತ್ತರ 7. ಮತ್ತೆ 7 ಎಲ್ಲಿ ಬರುತ್ತದೆ? 4ರಲ್ಲಿ. ನಡುವೆ 2, ಅಲ್ಲಿ ಎತ್ತರ 3. ಈ ನಕ್ಷೆ ಮೇಲ್ಮುಖ, ಅಂದರೆ 3ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಅಕ್ಷವನ್ನು ಮುಟ್ಟದಿರುವುದು ಅದಕ್ಕೇ. ಮೂಲಗಳು ಸಿಗದಿದ್ದರೂ ಶೃಂಗ ಸಿಕ್ಕಿತು.

ಡೆಸ್ಮೋಸ್ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಒಳ್ಳೆಯ ಸಾಧನ, ಈ ಪ್ರಾಂತ್ಯದ ಪಠ್ಯಕ್ರಮವೂ ಇಂಥ ಸಾಧನಗಳನ್ನು ಬಳಸಲು ಹೇಳುತ್ತದೆ. ಮೊದಲು ಗ್ರಾಫ್ ಹಾಳೆಯ ಮೇಲೆ ಕೈಯಿಂದ ನಾಲ್ಕೈದು ಬಿಂದು ಗುರುತಿಸಿ, ಆಮೇಲೆ ತಾಳೆ ನೋಡಲಿ ಎಂಬುದಷ್ಟೇ ನಮ್ಮ ಕೋರಿಕೆ.

ಪೋಷಕರೂ ಮಕ್ಕಳಿಂದ ಕಲಿಯುವುದಿದೆ. ಇಲ್ಲಿ ಎರಡನೇ ವ್ಯತ್ಯಾಸ ಎಂಬುದನ್ನು ಕಲಿಸುತ್ತಾರೆ; ನಮ್ಮಲ್ಲಿ ಹಲವರು ಶಾಲೆಯಲ್ಲಿ ಅದನ್ನು ಕಂಡವರಲ್ಲ. ಪಾತಿಯ ಅಗಲ 0, 1, 2, 3, 4, 5 ಆದಾಗ ವಿಸ್ತೀರ್ಣ 0, 18, 32, 42, 48, 50. ಏರಿಕೆ 18, 14, 10, 6, 2. ಪ್ರತಿ ಸಲವೂ ಏರಿಕೆ 4 ಕಡಿಮೆ, ಒಂದು ಸಲವೂ ತಪ್ಪದೆ. ಮುಂದಿನ ಏರಿಕೆ ಎಷ್ಟಿರಬಹುದು ಎಂದು ಮಗುವನ್ನು ಕೇಳಿ ನೋಡಿ, ಕನ್ನಡದಲ್ಲೇ.