ತಗೊಂಡೆ ಅಂದರೆ ಕದ್ದೆ ಅಂತಲ್ಲ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಗಾದೆ ಅಷ್ಟಕ್ಕೇ ವಿಚಾರಣೆ ಮುಗಿಸಿ ತೀರ್ಪನ್ನೂ ಕೊಟ್ಟುಬಿಡುತ್ತದೆ. ಹೆಗಲ ಮೇಲೆ ನಿಜಕ್ಕೂ ಬೂದಿ ಇತ್ತೇ? ಇದ್ದರೂ ಅದು ಕಳುವಾದ ಕಾಯಿಯದೇ, ಬೆಳಗ್ಗೆ ಸಂತೆಯಲ್ಲಿ ದುಡ್ಡು ಕೊಟ್ಟು ಹೊತ್ತುತಂದ ಕಾಯಿಯದೇ? ಗಾದೆಗೆ ಅದೆಲ್ಲ ಬೇಡ. ಕೂಗು ಕೇಳಿ ಬೆದರಿದವನೇ ಕಳ್ಳ. ಗಾದೆ ಕೇಳದ ಈ ಪ್ರಶ್ನೆಗಳನ್ನು ಕೇಳುವುದಕ್ಕೇ ವಕೀಲರೆಂಬ ಜನ ಇರುವುದು.

ಬೆದರುವುದಕ್ಕೆ ಕಾರಣ ತಪ್ಪೇ ಆಗಿರಬೇಕಿಲ್ಲ, ಚರಿತ್ರೆಯೂ ಆಗಿರಬಹುದು. ಈಗ ಆಂಧ್ರದ ಗಡಿಸೀಮೆಯಲ್ಲಿರುವ ಹಿಂದೂಪುರ, ಕಲ್ಯಾಣದುರ್ಗಗಳನ್ನೇ ನೋಡಿ. ಹಿಂದೆ ಇವು ಮದ್ರಾಸ್ ಪ್ರಾಂತ್ಯದಲ್ಲಿದ್ದ ಊರುಗಳು. 1871ರಲ್ಲಿ ಉತ್ತರ ಭಾರತದಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಈ ಪ್ರಾಂತ್ಯಕ್ಕೂ ಬಂತು. ಕೊರಚ, ಎರುಕುಲ ಸಮುದಾಯಗಳಲ್ಲಿ ಹುಟ್ಟಿದ ಮಗುವೂ ಪೊಲೀಸರ ಪಟ್ಟಿಗೆ ಸೇರುವ ಕಾಲ ಅದು. ದೇಶದಾದ್ಯಂತ ಆ ಕಾಯಿದೆ ತೊಲಗಿದ್ದು 1952ರಲ್ಲಿ. ಕಾಯಿದೆ ಹೋದ ಮಾತ್ರಕ್ಕೆ ಊರಿನ ಅನುಮಾನ ಹೋಗುತ್ತದೆಯೇ? ಏನಾದರೂ ಕಳುವಾದರೆ ಮೊದಲು ಯಾರ ಗುಡಿಸಲ ಕಡೆ ಕಣ್ಣು ಹೊರಳುತ್ತದೆ ಎಂಬುದು ಎರಡೂ ಊರಿನ ಹಿರಿಯರಿಗೆ ಗೊತ್ತಿರುವ ಸಂಗತಿ.

ಸಣ್ಣ ಕಳ್ಳತನದ ಆರೋಪಕ್ಕೆ ಲಾಯರು ಯಾಕೆ ಎಂದು ಕೇಳುವವರು ಬಹಳ. ಹಳೇ ಮೊಬೈಲು, ಎರಡು ಚೀಲ ಕಡಲೆಕಾಯಿ, ಪಂಪ್‌ಸೆಟ್ಟಿನ ತಾಮ್ರದ ತಂತಿ. ಇಷ್ಟಕ್ಕೆ ವಕಾಲತ್ತು, ಫೀಸು, ತಿಂಗಳುಗಟ್ಟಲೆ ವಾಯಿದೆ! ‘ಒಪ್ಕೊಂಡ್ಬಿಡು, ದಂಡ ಕಟ್ಟಿ ಮನೆಗೆ ಹೋಗು’ ಎಂದು ಹೇಳುವವರು ಸ್ಟೇಷನ್ನಿನಲ್ಲೂ ಇದ್ದಾರೆ, ಕೋರ್ಟಿನ ಹೊರಗಿನ ಬೇವಿನ ಮರದ ಕೆಳಗೂ ಇದ್ದಾರೆ. ಅವರ ಮಾತಿನಲ್ಲಿ ಕೆಡುಕೇನೂ ಇರಬೇಕಿಲ್ಲ. ಆದರೆ ಲೆಕ್ಕ ತಪ್ಪಿದೆ. ದೊಡ್ಡ ಕೇಸಿನಲ್ಲಿ ಪ್ರತಿ ಕಾಗದವನ್ನೂ ನಾಲ್ಕು ಜನ ತಿರುವಿ ನೋಡುತ್ತಾರೆ. ಸಣ್ಣ ಕೇಸಿನಲ್ಲಿ ಯಾರೂ ನೋಡುವುದಿಲ್ಲ. ಯಾರೂ ನೋಡದ ಕಡೆಯೇ ನೋಡುವವನೊಬ್ಬ ಬೇಕು.

ಮೊದಲು ‘ಕದ್ದೆ’ ಎಂಬ ಮಾತನ್ನೇ ನೋಡೋಣ. ಆಡುಮಾತಿನಲ್ಲಿ ಹೇಳದೆ ತೆಗೆದುಕೊಂಡರೆ ಕಳ್ಳತನ. ಕಾನೂನಿಗೆ ಅಷ್ಟು ಸಾಲದು. ವಸ್ತು ಇನ್ನೊಬ್ಬನ ವಶದಲ್ಲಿರಬೇಕು, ಅವನ ಒಪ್ಪಿಗೆ ಇರಬಾರದು, ಅದನ್ನು ಜರುಗಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತೆಗೆಯುವಾಗ ಮನಸ್ಸಿನಲ್ಲಿ ಅಪ್ರಾಮಾಣಿಕತೆ ಇರಬೇಕು. ತನ್ನದೇ ಎಂದು ಪ್ರಾಮಾಣಿಕವಾಗಿ ನಂಬಿ ಪರರದ್ದನ್ನು ಒಯ್ದವನು ಕಳ್ಳನಲ್ಲ ಎಂಬ ಉದಾಹರಣೆ 1860ರ ದಂಡ ಸಂಹಿತೆಯಲ್ಲೇ ಇತ್ತು. ಅದಕ್ಕೆ ಎದುರು ಮಗ್ಗುಲೂ ಇದೆ. ಕಚೇರಿಯ ಕಡತವನ್ನು ಒಂದು ದಿನಕ್ಕೆಂದು ಹೊರಗೆ ಒಯ್ದು ತಿರುಗಿ ಇಟ್ಟದ್ದೂ ಕಳ್ಳತನವೇ ಎಂದು 1962ರಲ್ಲಿ ಪ್ಯಾರೇಲಾಲ್ ಭಾರ್ಗವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ವಾಪಸ್ ಕೊಟ್ಟೆನಲ್ಲ ಸ್ವಾಮಿ’ ಎಂಬ ಸಮರ್ಥನೆ ನಿಲ್ಲದು, ‘ನಂದೇ ಅಂದ್ಕೊಂಡೆ’ ಎಂಬುದು ನಿಲ್ಲಬಹುದು. ಇವೆರಡರ ನಡುವಿನ ಗೆರೆ ಕಾನೂನು ಓದದವನಿಗೆ ಕಾಣುವುದಿಲ್ಲ.

ಕೂಲಿ ಬಾಕಿ ಉಳಿಸಿಕೊಂಡ ಯಜಮಾನನ ಮನೆಯಿಂದ ಆಳೊಬ್ಬ ತನ್ನದೆಂದು ತಿಳಿದ ಗುದ್ದಲಿಯನ್ನು ಎತ್ತಿಕೊಂಡು ಬಂದ ಎಂದುಕೊಳ್ಳಿ. ಮ್ಯಾಜಿಸ್ಟ್ರೇಟರು ಕೇಳಿದಾಗ ಅವನು ಕನ್ನಡದಲ್ಲಿ ‘ಹೌದು ಸ್ವಾಮಿ, ತಗೊಂಡೆ’ ಅನ್ನುತ್ತಾನೆ. ತೆಲುಗಿಗೆ ಬರುವಾಗ ಅದು ‘ತೀಸುಕುನ್ನಾನು’. ಕಡತಕ್ಕೆ ಇಳಿಯುವಾಗ ‘ತಪ್ಪೊಪ್ಪಿಕೊಂಡಿದ್ದಾನೆ’. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಹೇಳದ ಮಾತು ಅವನದಾಗಿಬಿಟ್ಟಿತು. ಇಪ್ಪತ್ತು ಸಾವಿರ ರೂಪಾಯಿ ಮೀರದ ಕಳ್ಳತನಗಳನ್ನು ಈಗ ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಅಂಥ ವಿಚಾರಣೆಯಲ್ಲಿ ತಪ್ಪೊಪ್ಪಿಗೆಯನ್ನು ಆದಷ್ಟೂ ಆರೋಪಿಯ ಮಾತಿನಲ್ಲೇ ಬರೆದುಕೊಳ್ಳಬೇಕು ಎಂಬ ನಿಯಮವೂ ಇದೆ. ಅರ್ಥವಾಗದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂಬುದೂ ಇದೆ. ಗಡಿಸೀಮೆಯಲ್ಲಿ ಎಲ್ಲರಿಗೂ ಎರಡೂ ಭಾಷೆ ಬರುತ್ತದೆ ಎಂಬ ಧೈರ್ಯದಲ್ಲಿ ಈ ನಿಯಮಗಳು ಮರೆತುಹೋಗುವುದು ಸುಲಭ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು ಬೇರೆ, ಕಟಕಟೆಯಲ್ಲಿ ನಿಂತು ಉತ್ತರ ಕೊಡುವ ತೆಲುಗು ಬೇರೆ.

ಇನ್ನು ಬೆಲೆಯ ಮಾತು. ಹಳೆಯ ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಸಜೆ. ಕದ್ದ ಮಾಲು ಐದು ಸಾವಿರಕ್ಕಿಂತ ಕಡಿಮೆ ಬೆಲೆಯದ್ದಾಗಿ, ಆರೋಪಿಗೆ ಅದೇ ಮೊದಲ ಶಿಕ್ಷೆಯಾಗಿದ್ದು, ಅವನು ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ ಮಾತ್ರ. ಐದು ಸಾವಿರದೊಳಗಿನ ಕೇಸು ಅಸಂಜ್ಞೇಯವೂ ಹೌದು. ವಾರಂಟ್ ಇಲ್ಲದೆ ಪೊಲೀಸರು ಹಿಡಿದೊಯ್ಯುವಂತಿಲ್ಲ. ಹಾಗಾದರೆ ಎರಡು ವರ್ಷ ಬಳಸಿ ಗಾಜು ಒಡೆದ ಮೊಬೈಲಿನ ಬೆಲೆ ಎಷ್ಟು? ಅಂಗಡಿಯ ಬಿಲ್ಲಿನಲ್ಲಿರುವ ಹನ್ನೆರಡು ಸಾವಿರವೋ, ಇವತ್ತು ಯಾರಾದರೂ ಕೊಡುವ ಮೂರು ಸಾವಿರವೋ? ದೂರಿನಲ್ಲಿ ಬರೆದ ಆ ಒಂದು ಅಂಕಿ ಲಾಕಪ್ಪಿಗೂ ಮನೆಗೂ ನಡುವಿನ ಗೋಡೆ. ಅದೇ ಮೊಬೈಲು ಬೆಂಗಳೂರು–ಗುಂತಕಲ್ ರೈಲಿನಲ್ಲಿ ಹಿಂದೂಪುರದ ಹತ್ತಿರ ಕಳುವಾದರೆ 305ನೇ ಕಲಮು, ಏಳು ವರ್ಷದವರೆಗೆ. ಅಲ್ಲಿ ಐದು ಸಾವಿರದ ರಿಯಾಯಿತಿಯೂ ಇಲ್ಲ. ಯಾವ ಕಲಮು, ಯಾವ ಬೆಲೆ ಎಂದು ಮೊದಲ ದಿನವೇ ಕೇಳಬೇಕಾದವರು ಯಾರು?

ಮಾಲು ಸಿಕ್ಕಿತಲ್ಲ, ಇನ್ನೇನು ಎನ್ನಬಹುದು. ಕಳುವಾದ ಸ್ವಲ್ಪದರಲ್ಲೇ ಮಾಲು ಯಾರ ಬಳಿ ಸಿಕ್ಕಿತೋ ಅವನು ಕಳ್ಳ, ಇಲ್ಲವೇ ಕದ್ದದ್ದೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಊಹಿಸಬಹುದು ನಿಜ. ಆದರೆ ‘ಬಹುದು’ ಅಷ್ಟೆ, ‘ಬೇಕು’ ಅಲ್ಲ. ಸೆಕೆಂಡ್‌ಹ್ಯಾಂಡ್ ಮಾಲು ಕೊಂಡವನು ಅದಕ್ಕೆ ವಿವರಣೆ ಕೊಡಬಹುದು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ. ಆ ಹೇಳಿಕೆಯಿಂದ ವಸ್ತು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದ ಭಾಗವಷ್ಟೇ ನಿಲ್ಲುತ್ತದೆ. ಈ ಗೆರೆ ಎಳೆದದ್ದು 1946ರ ಪುಲುಕೂರಿ ಕೊಟ್ಟಯ್ಯ ಪ್ರಕರಣ, ಆಂಧ್ರದ್ದೇ ಕೇಸು. ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. ಯಾರು ಬೇಕಾದರೂ ಓಡಾಡುವ ಬಯಲಿನಲ್ಲಿ ಮಾಲು ಸಿಕ್ಕಿದರೆ ಅದು ಆರೋಪಿಯ ವಶದಲ್ಲಿತ್ತು ಎನ್ನಲಾಗದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಮಹಜರಿಗೆ ಸಹಿ ಹಾಕಿದ ಪಂಚರು ಸ್ಥಳದಲ್ಲಿದ್ದರೋ, ಸ್ಟೇಷನ್ನಿನಲ್ಲೇ ಕೂತು ಹಾಕಿದರೋ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಕೇಸು ಅಲ್ಲಾಡುತ್ತವೆ.

ವಕೀಲರು ಇದ್ದಾಗ, ಇಲ್ಲದಾಗ ಏನಾಗುತ್ತದೆ ಎಂಬುದನ್ನು ಒಂದೇ ಆರೋಪದಲ್ಲಿ ಅಳೆದು ನೋಡುವ ಅವಕಾಶ ಅಪರೂಪ. ಅಮೆರಿಕದ ಫ್ಲಾರಿಡಾದಲ್ಲಿ ಅಂಥದ್ದೊಂದು ನಡೆಯಿತು. 1961ರಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನ ಮೇಲೆ ಆಟದ ಕ್ಲಬ್ಬಿಗೆ ನುಗ್ಗಿ ಚಿಲ್ಲರೆ ಕದ್ದ ಆರೋಪ ಬಂತು. ವಕೀಲರನ್ನು ಕೇಳಿದ, ಕೊಡಲಿಲ್ಲ. ತಾನೇ ವಾದಿಸಿ ಸೋತು ಐದು ವರ್ಷ ಸಜೆ ಪಡೆದ. ಜೈಲಿನಿಂದ ಪೆನ್ಸಿಲಿನಲ್ಲಿ ಬರೆದ ಅರ್ಜಿಯ ಮೇಲೆ 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನ ಪರ ತೀರ್ಪಿತ್ತಿತು. ಅದೇ ಆರೋಪದ ಮರುವಿಚಾರಣೆಯಲ್ಲಿ ವಕೀಲರು ಮುಖ್ಯ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹಿಂಡಿದರು. ಗಿಡಿಯನ್ ಬಿಡುಗಡೆಯಾದ.

ನಿಜವಾಗಿ ಕದ್ದವನ ಗತಿ? ಅವನಿಗೂ ಲಾಯರು ಬೇಕೆಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಸಮರ್ಥನೆ ಎಂದರೆ ಸುಳ್ಳು ಹೇಳಿಸುವುದಷ್ಟೇ ಅಲ್ಲ. ಕಳ್ಳತನದ ಕೇಸನ್ನು ಮಾಲಿನ ಒಡೆಯ ಒಪ್ಪಿದರೆ ರಾಜಿ ಮಾಡಿಕೊಳ್ಳಬಹುದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ ಪ್ರಕಾರ ಮೊದಲ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡಬಹುದು. ಹಾಗೆ ಬಿಟ್ಟರೆ ಶಿಕ್ಷೆಯ ಜೊತೆ ಅಂಟುವ ಅನರ್ಹತೆ ಅಂಟುವುದಿಲ್ಲ. ಬೇವಿನ ಮರದ ಕೆಳಗಿನ ಸಲಹೆ ಕೇಳಿ ಸುಮ್ಮನೆ ಒಪ್ಪಿಕೊಂಡವನ ಹೆಸರಿನಲ್ಲಿ ಒಂದು ಶಿಕ್ಷೆ ಉಳಿಯುತ್ತದೆ. ಮುಂದೆ ಇನ್ನೊಮ್ಮೆ ಅದೇ ಕಲಮಿನಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ. ಅಂದಿನ ಅಗ್ಗದ ದಂಡದ ಬಡ್ಡಿ ಅದು.

ಫೀಸಿಗೆ ದುಡ್ಡಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಇದೆ. ಹೆಂಗಸರು, ಪರಿಶಿಷ್ಟರು, ಬಂಧನದಲ್ಲಿರುವವರು ಆದಾಯದ ಲೆಕ್ಕ ಕೊಡದೆಯೇ ಉಚಿತ ವಕೀಲರನ್ನು ಪಡೆಯಬಹುದು. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಈ ಹಕ್ಕಿದೆ ಎಂದು ಆರೋಪಿಗೆ ತಿಳಿಸದೆ ನಡೆಸಿದ ವಿಚಾರಣೆಯೇ ಊರ್ಜಿತವಲ್ಲವೆಂದು 1986ರ ಸುಖ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಉಚಿತವಾಗಿ ಬಂದವರೆಲ್ಲ ಮನಸ್ಸಿಟ್ಟು ವಾದಿಸುತ್ತಾರೆ ಎನ್ನಲಾಗದು. ದುಡ್ಡು ಕೊಟ್ಟವರ ಬಗ್ಗೆಯೂ ಹಾಗೆನ್ನಲಾಗದು.

ಜಾಮೀನಿನ ಕಥೆ ಗಡಿನಾಡಿನಲ್ಲಿ ಇನ್ನೂ ಬಿಗಿ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಹತ್ತು ಸಾವಿರದ ಜಾಮೀನು ಕೇಳಿದ ಮ್ಯಾಜಿಸ್ಟ್ರೇಟರು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, ಒಬ್ಬ ಕನ್ನಡಿಗನೋ ತೆಲುಗನೋ ಬಸ್ತಾರಿನಲ್ಲಿ ಕಳ್ಳತನದ ಆರೋಪಕ್ಕೆ ಸಿಕ್ಕಿದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆ ಎತ್ತಿದರು. ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಬಸ್ತಾರಿನವರೆಗೆ ಹೋಗಬೇಕಾಗಿಲ್ಲ. 2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಕಲ್ಯಾಣದುರ್ಗದ ಅಣ್ಣ ಹಿಂದೂಪುರದ ಕೋರ್ಟಿಗೆ ತಮ್ಮನ ಜಾಮೀನಿಗೆ ಬಂದರೆ ಈಗ ಅವನು ಹೊರಜಿಲ್ಲೆಯವನು. ಪಾವಗಡದ ಭಾವ ಪಹಣಿ ಹಿಡಿದು ಬಂದರೆ ಹೊರರಾಜ್ಯದವನು. ಆಂಧ್ರದ ಪಹಣಿಯಾದ ಅಡಂಗಲ್ ನೋಡಿ ಅಭ್ಯಾಸವಾದ ಗುಮಾಸ್ತರ ಮುಂದೆ ಆ ಕನ್ನಡ ಪಹಣಿಯನ್ನು ಬಿಡಿಸಿ, ಜೊತೆಗೆ ಮೋತಿರಾಮನ ತೀರ್ಪನ್ನೂ ಇಟ್ಟು ವಾದಿಸುವುದು ಭಾವನಿಂದ ಆಗುವ ಕೆಲಸವಲ್ಲ.