ವಿಮಾನ ನಿಲ್ದಾಣದ ಲೆಕ್ಕ ಯಾರು ನೋಡಬೇಕು?

ವಿಮಾನ ಹತ್ತದವರಿಗೆ ವಿಮಾನ ನಿಲ್ದಾಣದ ಲೆಕ್ಕದ ಗೊಡವೆ ಯಾಕೆಂದು ಮಿಲ್ಲಿನ ಗೆಳೆಯರು ಕೇಳಬಹುದು. ನಿಲ್ದಾಣ ನಿಂತಿರುವ ನೆಲ ನಮ್ಮದು, ಅದಕ್ಕೆ. ದೇವನಹಳ್ಳಿಯ ಬಳಿ ಸರ್ಕಾರ ಗುತ್ತಿಗೆಗೆ ಕೊಟ್ಟ ಸುಮಾರು 4,000 ಎಕರೆಯಲ್ಲಿ 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊಸ ನಿಲ್ದಾಣ ತೆರೆಯಿತು. ವರಮಾನದಲ್ಲಿ ಸರ್ಕಾರಕ್ಕೆ ಸಲ್ಲುವುದು ಶೇಕಡಾ 4. ಮೊದಲ ಹತ್ತು ವರ್ಷದ್ದನ್ನು ಆಮೇಲೆ ಕಂತಿನಲ್ಲಿ ಕೊಟ್ಟರೆ ಸಾಕೆಂಬ ರಿಯಾಯಿತಿ ಬೇರೆ. ಮಳಿಗೆಯ ಬಾಡಿಗೆಯನ್ನು ಹತ್ತು ವರ್ಷ ತಡೆಹಿಡಿಯಲು ಯಾವ ಪುರಸಭೆ ನಮ್ಮ ವರ್ತಕರಿಗೆ ಒಪ್ಪೀತು?

ದೆಹಲಿಯ ಕಥೆ ಇನ್ನೂ ದೊಡ್ಡದು. 2006ರಲ್ಲಿ ಆ ನಿಲ್ದಾಣ ಖಾಸಗಿಯವರ ಕೈಸೇರಿತು. 2009ರ ಮಾರ್ಚಿನಿಂದ ‘ಅಭಿವೃದ್ಧಿ ಶುಲ್ಕ’ವೆಂದು ದೇಶದೊಳಗೆ ಹಾರುವವರಿಂದ 200 ರೂಪಾಯಿ, ಹೊರದೇಶಕ್ಕೆ ಹೋಗುವವರಿಂದ 1,300 ರೂಪಾಯಿ ವಸೂಲಾಯಿತು. ಕೊಲ್ಲಿ ದೇಶಕ್ಕೆ ಗಾರೆ ಕೆಲಸಕ್ಕೆ ಹೊರಟವನೂ ಕೋಟ್ಯಧೀಶನೂ ಒಂದೇ ಮೊತ್ತ ತೆತ್ತರು. ಇದಕ್ಕೆ ಕಾನೂನಿನ ಬಲವಿಲ್ಲವೆಂದು 2011ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣವೇನೂ ಪ್ರಯಾಣಿಕರಿಗೆ ಮರಳಲಿಲ್ಲ. ಕಂಪನಿ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಲೆಕ್ಕ ಒಪ್ಪಿಸಬೇಕು, ಕಾಯ್ದೆ ಹೇಳಿದ ಕೆಲಸಕ್ಕೇ ಹಣ ಖರ್ಚಾಯಿತೇ ಎಂದು ಪ್ರಾಧಿಕಾರ ನೋಡಬೇಕು ಎಂದಷ್ಟೇ ಆಜ್ಞೆಯಾಯಿತು. ಆದರೆ ಆ ಪ್ರಾಧಿಕಾರವೇ ಕಂಪನಿಯ ಶೇಕಡಾ 26ರ ಪಾಲುದಾರ! ಮರುವರ್ಷ ಮಹಾಲೇಖಪಾಲರ ವರದಿಯೂ ಈ ಶುಲ್ಕವನ್ನು ಕಂಪನಿಗೆ ಸಿಕ್ಕ ಅನುಚಿತ ಲಾಭವೆಂದೇ ಬರೆಯಿತು.

ದರ ಗೊತ್ತುಮಾಡಲು 2009ರಿಂದ ಒಂದು ನಿಯಂತ್ರಣ ಪ್ರಾಧಿಕಾರವಿದೆ, ನಿಜ. ಆದರೆ 2016ರ ವಿಮಾನಯಾನ ನೀತಿಯ ಪ್ರಕಾರ ಅಂಗಡಿ, ಹೋಟೆಲು, ಜಾಹೀರಾತುಗಳಿಂದ ಬರುವ ವರಮಾನದಲ್ಲಿ ಶೇಕಡಾ 30 ಮಾತ್ರ ದರ ತಗ್ಗಿಸಲು ಲೆಕ್ಕಕ್ಕೆ ಬರುತ್ತದೆ. ಉಳಿದದ್ದು ಕಂಪನಿಯ ಜೇಬಿಗೆ. ಸಾರ್ವಜನಿಕರ ನೆಲದ ಮೇಲೆ ಮಾರಿದ ಕಾಫಿಯ ಲಾಭ ಇದು.

ಸರ್ಕಾರದ ಪಾಲು ಶೇಕಡಾ 51 ಇದ್ದರೆ ಆ ಕಂಪನಿಯ ಲೆಕ್ಕ ಮಹಾಲೇಖಪಾಲರಿಗೆ ತಾನಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರದ 13, ರಾಜ್ಯದ 13 ಕೂಡಿಸಿದರೂ 26. ನೆಲ ಪೂರ್ತಿ ನಮ್ಮದು, ಪಾಲು ಕಾಲುಭಾಗ, ಲೆಕ್ಕ ನೋಡುವ ಹಕ್ಕು ಸೊನ್ನೆ. ಇದಕ್ಕೆ ದಾರಿಯಿಲ್ಲವೆನ್ನುವಂತಿಲ್ಲ. ಜನತೆಯ ಸಂಪತ್ತಾದ ತರಂಗಾಂತರದಿಂದ ಗಳಿಸಿ ಸರ್ಕಾರಕ್ಕೆ ಪಾಲು ಕೊಡುವ ಖಾಸಗಿ ಟೆಲಿಫೋನ್ ಕಂಪನಿಗಳ ವರಮಾನದ ಲೆಕ್ಕವನ್ನು ಮಹಾಲೇಖಪಾಲರು ನೋಡಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿದೆ. ತರಂಗಾಂತರಕ್ಕೆ ಸಲ್ಲುವ ನ್ಯಾಯ ನೆಲಕ್ಕೆ ಯಾಕೆ ಸಲ್ಲದು? ಸಣ್ಣ ವರ್ತಕನ ಖಾತೆಕಿರ್ದಿಯನ್ನು ತೆರಿಗೆ ಅಧಿಕಾರಿ ಯಾವ ದಿನ ಬೇಕಾದರೂ ಕೇಳಬಹುದು.

ಈ ಕುರಿತು ಕಾಯ್ದೆಗೆ ತಿದ್ದುಪಡಿ ತರಬೇಕೆಂದು ನಮ್ಮ ಲೋಕಸಭಾ ಸದಸ್ಯರನ್ನು ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಾಗಿ ಬರಹದ ಮೂಲಕ ಕೇಳಲಿ. ಉತ್ತರ ಬಂದರೂ ಬಾರದಿದ್ದರೂ ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ.