ಪಿಸ್ಟನ್ ಮೊದಲೋ, ಬೋರ್ ಮೊದಲೋ?

ಅಪ್ಪನ ಕಾಲದ ಯೆಜ್ಡಿ ಬೈಕನ್ನು ಹಿತ್ತಿಲಿನಿಂದ ಹೊರಗೆಳೆದು, ಎಂಜಿನ್ ಬಿಚ್ಚಿಸಿ, ಮತ್ತೆ ಓಡಿಸಬೇಕೆಂದು ಹೊರಟಿರುವ ನನ್ನ ಹಳೆಯ ವಿದ್ಯಾರ್ಥಿಗಳು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಈಚೆಗೆ ಹೆಚ್ಚಾಗಿದ್ದಾರೆ. ಹಂಬಲ ಮೆಚ್ಚತಕ್ಕದ್ದೇ. ಆದರೆ ಆ ಕೆಲಸವನ್ನು ಅವರು ಮಾಡಿಸುತ್ತಿರುವ ಕ್ರಮವನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೇಷ್ಟರ ಸಿಟ್ಟು ನಿಮಗೇನೂ ಹೊಸದಲ್ಲವಾದ್ದರಿಂದ ಸ್ವಲ್ಪ ಸಹಿಸಿಕೊಂಡು ಓದಿರಿ.

ನನ್ನ ವಾದ ಇಷ್ಟೆ. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ ಬದಲಾಯಿಸಬಹುದಾದ ವಸ್ತು, ಸಿಲಿಂಡರ್ ಹಾಗಲ್ಲ. ಆದ್ದರಿಂದ ಸಿಲಿಂಡರಿನ ಲೋಹವನ್ನು ಅತಿ ಕಡಿಮೆ ತಿನ್ನುವ ಪಿಸ್ಟನ್ನನ್ನೇ ಆರಿಸಬೇಕು. ಮೊದಲು ಅಳತೆ, ಆಮೇಲೆ ಪಿಸ್ಟನ್ ಖರೀದಿ, ಕೊನೆಗೆ ಬೋರ್. ಈಗ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಮೊದಲು ಲೇತಿನವನ ಬಳಿ ಬೋರ್ ಹೊಡೆಸುತ್ತಾರೆ, ಆಮೇಲೆ ಜೆ.ಸಿ. ರಸ್ತೆಗೆ ಹೋಗಿ ಸಿಕ್ಕ ಪಿಸ್ಟನ್ ತರುತ್ತಾರೆ. ಹೊಂದದಿದ್ದರೆ ಮತ್ತೊಮ್ಮೆ ಬೋರ್. ಅಳತೆಯ ಮಾತು ಎಲ್ಲಿಯೂ ಬರುವುದೇ ಇಲ್ಲ.

ಈ ಸಿಲಿಂಡರುಗಳು ಬಂದದ್ದು ಎಲ್ಲಿಂದ ಎಂಬುದನ್ನು ಕಿರಿಯರಿಗಾಗಿ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. (ಇಂದು ನಾವು ಬಿಡಿಭಾಗಕ್ಕಾಗಿ ಅಲೆಯುವ ಜೆ.ಸಿ. ರಸ್ತೆಯೂ ಅವರ ಹೆಸರಿನದೇ ಎಂಬುದನ್ನು ಗಮನಿಸಿ.) ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರಿಸಿ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿದರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ಸೀಮೆಯಲ್ಲಿ ಹಾಲಿನ ಕ್ಯಾನು, ಸೀರೆಯ ಗಂಟು, ರೇಷ್ಮೆಗೂಡಿನ ಮೂಟೆ ಎಲ್ಲವನ್ನೂ ಹೊತ್ತ ಗಾಡಿ ಅದು. ಇಂದು ಓಡುತ್ತಿರುವ ಪ್ರತಿಯೊಂದು ಮೂಲ ಸಿಲಿಂಡರಿಗೂ ಸುಮಾರು ಮೂರು ದಶಕಕ್ಕಿಂತ ಹೆಚ್ಚು ವಯಸ್ಸು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಆ ಬೈಕುಗಳದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಹೊಸ ಯೆಜ್ಡಿಯ ಪಿಸ್ಟನ್ ಹಳೆಯದಕ್ಕೆ ಬಂದೀತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಹೆಸರು ಒಂದೇ ಆದ ಮಾತ್ರಕ್ಕೆ ಮೈ ಒಂದೇ ಆಗುವುದಿಲ್ಲ.

250 ಸಿಸಿ ಯೆಜ್ಡಿಯ ಸಿಲಿಂಡರಿನ ಮೂಲ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ಸವೆದ ಸಿಲಿಂಡರನ್ನು ಕೊರೆದು ದುಂಡಗೆ ಮಾಡಿ, ಕಾಲು ಕಾಲು ಮಿಲಿಮೀಟರ್ ದಪ್ಪವಾದ ಓವರ್‌ಸೈಜ್ ಪಿಸ್ಟನ್ ಹಾಕುವುದು ರೂಢಿ. 65.25, 65.50, 65.75 ಹೀಗೆ ಮೇಲೇರಬೇಕು. ಇದು ಏಣಿ ಇದ್ದಂತೆ, ಆದರೆ ಹತ್ತಲು ಮಾತ್ರ ಬರುವ ಏಣಿ. ಮೆಟ್ಟಿಲುಗಳು ಕೆಲವೇ.

ಇಲ್ಲಿಗೆ ಬರುತ್ತದೆ ನಾನು ವಿರೋಧಿಸುವ ಮೊದಲನೆಯ ಸಲಹೆ: "ಸಾರ್, ಪದೇ ಪದೇ ಯಾಕೆ ತಲೆನೋವು? ಒಂದೇ ಸಲ ದೊಡ್ಡ ಸೈಜ್ ಹಾಕಿಸಿಬಿಡಿ, ಪಿಕಪ್ಪೂ ಚೆನ್ನಾಗಿರುತ್ತೆ." ಒಬ್ಬ ಶಿಷ್ಯನಿಗೆ ಹೀಗೆಯೇ 66 ಮಿಲಿಮೀಟರಿನ ಪಿಸ್ಟನ್ ಶಿಫಾರಸಾಗಿದೆಯಂತೆ. ಎಂಟನೆಯ ತರಗತಿಯ ಸೂತ್ರವನ್ನು ನೆನಪಿಸಿಕೊಳ್ಳಿರಿ. 65 ಮಿಲಿಮೀಟರ್ ವ್ಯಾಸಕ್ಕೆ ಗಾತ್ರ ಸುಮಾರು 249 ಸಿಸಿ. 66ಕ್ಕೆ ಸುಮಾರು 256.6. ಹೆಚ್ಚಿದ್ದು ನೂರಕ್ಕೆ ಮೂರು ಭಾಗ. ಅದನ್ನು ಸವಾರನ ಬೆನ್ನು ಗುರುತಿಸಲಾರದು. ಸವೆದ ಎಂಜಿನ್ ಹೊಸದಾದಾಗ ಬರುವ ಚುರುಕನ್ನು ಜನ ದೊಡ್ಡ ಪಿಸ್ಟನ್ನಿನ ಮಹಿಮೆ ಎಂದು ಭ್ರಮಿಸುತ್ತಾರೆ. ಈ ಭ್ರಮೆಗಾಗಿ ಅವರು ತೆರುವ ಬೆಲೆಯೆಂದರೆ, ಮೊಮ್ಮಕ್ಕಳ ಕಾಲಕ್ಕೆ ಉಳಿಯಬಹುದಾಗಿದ್ದ ಮೂರು ಮೆಟ್ಟಿಲುಗಳು ಲೇತಿನ ಕೆಳಗೆ ಕಬ್ಬಿಣದ ಪುಡಿಯಾಗಿ ಉದುರುವುದು.

"ಸೈಜ್ ಮುಗಿದರೆ ಸ್ಲೀವ್ ಹಾಕಿದರಾಯಿತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ನೀರೆತ್ತುವ ಡೀಸೆಲ್ ಎಂಜಿನ್ನಿನಲ್ಲಿ ಅದು ಸಲೀಸು. ಟೂ ಸ್ಟ್ರೋಕಿನಲ್ಲಿ ಸಿಲಿಂಡರಿನ ಗೋಡೆಯಲ್ಲಿಯೇ ಗಾಳಿ ಬರುವ, ಹೊಗೆ ಹೋಗುವ ಕಿಟಕಿಗಳಿವೆ. ಸ್ಲೀವಿನಲ್ಲಿಯೂ ಅವೇ ಕಿಟಕಿಗಳನ್ನು ಅದೇ ಎತ್ತರಕ್ಕೆ ಕತ್ತರಿಸಿ, ಅಂಚುಗಳನ್ನು ನಯಗೊಳಿಸಬೇಕು. ಚೂಪಾಗಿ ಉಳಿದ ಅಂಚಿಗೆ ರಿಂಗ್ ಸಿಕ್ಕಿಕೊಂಡರೆ ಮುರಿದ ಚೂರು ಎಲ್ಲವನ್ನೂ ಗೀರಿಹಾಕುತ್ತದೆ. ಅಷ್ಟು ಶ್ರದ್ಧೆಯಿಂದ ಮಾಡುವ ಕುಶಲಕರ್ಮಿಗಳು ಇಲ್ಲವೆಂದಲ್ಲ. ಆದರೆ ಅಳತೆ ಮಾಡುವ ತಾಳ್ಮೆಯೇ ಇಲ್ಲದವನು ಈ ಭರವಸೆಯನ್ನು ಕೊಡುವುದು ಹಾಸ್ಯಾಸ್ಪದ.

ಎರಡನೆಯವರು ಉಳಿತಾಯದ ಪಕ್ಷದವರು. ಬೋರ್ ಬೇಡ, ಅದೇ ಅಳತೆಯ ಹೊಸ ಪಿಸ್ಟನ್ನೋ ಬರೀ ರಿಂಗೋ ಸಾಕು ಎನ್ನುತ್ತಾರೆ. ಸವೆದ ಸಿಲಿಂಡರ್ ದುಂಡಗಿರುವುದಿಲ್ಲ, ಮೇಲಿಂದ ಕೆಳಗೆ ಸಮವಾಗಿಯೂ ಇರುವುದಿಲ್ಲ. ದುಂಡನೆಯ ಹೊಸ ರಿಂಗ್ ಅಂಡಾಕಾರದ ಗೋಡೆಗೆ ಎಲ್ಲಿ ತಾನೆ ಕೂತೀತು? ಪಿಸ್ಟನ್ ಓಲಾಡಿ ಟಕಟಕ ಸದ್ದು ಕೆಲವೇ ತಿಂಗಳಲ್ಲಿ ಮರಳುತ್ತದೆ. ಸವೆತ ಮಿತಿಯೊಳಗಿದೆ ಎಂದು ಅಳತೆ ತೋರಿಸಿದರೆ ರಿಂಗ್ ಮಾತ್ರ ಬದಲಿಸುವುದು ಸರಿಯೇ. ಅಳೆಯದೆ ಹೇಳಿದರೆ ಅದು ಬರೀ ಜಿಪುಣತನ.

ಮೂರನೆಯವರು ಡಬ್ಬಿಯ ಭಕ್ತರು. ಹಳೆಯ ಸ್ಟಾಕಿನ 'ಅಸಲಿ' ಪಿಸ್ಟನ್ ಎಂದರೆ ಸಾಕು, ಕೇಳಿದಷ್ಟು ಹಣ ಸುರಿಯುತ್ತಾರೆ. ಡಬ್ಬಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅಸಲಿಯೇ ಆಗಿದ್ದರೂ ಮೇಲೆ ಬರೆದ ಸಂಖ್ಯೆ ಅಳತೆಯಾಗುವುದಿಲ್ಲ. ಯಲಹಂಕದ ಗೋಯೆಟ್ಸ್ ಕಾರ್ಖಾನೆಯನ್ನು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿಬರುವವರೆಲ್ಲ ಬಲ್ಲರು; ಪಿಸ್ಟನ್, ರಿಂಗುಗಳನ್ನು ತಯಾರಿಸುವ ವಿದ್ಯೆ ನಮ್ಮ ಮನೆಬಾಗಿಲಿನಲ್ಲೇ ಇದೆ. ಅಂಥ ಊರಿನವರು ಕಣ್ಣು ಮುಚ್ಚಿಕೊಂಡು ಡಬ್ಬಿ ಕೊಳ್ಳುವುದು ನಾಚಿಕೆಗೇಡು. ಇವರ ಜೊತೆಗೇ ಫೋರ್ಜ್ಡ್ ಪಿಸ್ಟನ್ ಬೇಕೆನ್ನುವ ಹುಡುಗರೂ ಇದ್ದಾರೆ. ರೇಸಿನ ಎಂಜಿನ್ನಿಗೆ ಅದು ಭೂಷಣ. ಕಾಯ್ದಾಗ ಅದು ಸಾಮಾನ್ಯವಾಗಿ ಎರಕದ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗುವುದರಿಂದ ಹೆಚ್ಚು ಸಡಿಲ ಬಿಡಬೇಕಾಗುತ್ತದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬರುವ ಬೈಕಿಗೆ ಅದರ ಅಗತ್ಯವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸಿಲಿಂಡರನ್ನು ತೊಳೆದು ಒರೆಸಿ, ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿಯೊಂದು ಕಡೆಯೂ ಒಂದಕ್ಕೊಂದು ಅಡ್ಡವಾಗಿ ಎರಡು ಸಲ, ಒಟ್ಟು ಆರು ಸಲ ಬೋರ್ ಗೇಜಿನಿಂದ ಅಳೆಯಿಸಿರಿ. ಕಿಟಕಿಯ ಜಾಗವನ್ನು ಬಿಟ್ಟು ಅಳೆಯಬೇಕು. ಸವೆತ ಸಾಮಾನ್ಯವಾಗಿ ರಿಂಗುಗಳು ತಲುಪುವ ಮೇಲ್ಭಾಗದಲ್ಲಿ ಅಧಿಕ. ಆರರಲ್ಲಿ ದೊಡ್ಡದು 65.18 ಬಂದಿತೆನ್ನಿ. 65.25ರ ಪಿಸ್ಟನ್, ತಯಾರಕ ಹೇಳಿದ ಸಡಿಲ 0.06 ಎಂದಿಟ್ಟುಕೊಂಡರೆ ಅಂತಿಮ ವ್ಯಾಸ 65.31. ಸವೆತ ಎರಡೂ ಬದಿಗೆ ಹಂಚಿಹೋಗಿದ್ದರೆ, ಆಳವಾದ ಗೀರಿಲ್ಲದಿದ್ದರೆ, ಮೊದಲ ಮೆಟ್ಟಿಲೇ ಸಾಕು. ಸವೆತವೆಲ್ಲ ಒಂದೇ ಬದಿಗಿದ್ದರೆ ಲೆಕ್ಕ ಬೇರೆ. ಮೂಲ ಕೇಂದ್ರದಿಂದ ಆ ಬದಿಯ ತ್ರಿಜ್ಯ 32.5ಕ್ಕೆ 0.18 ಕೂಡಿ 32.68 ಆಗುತ್ತದೆ, ಕೇಂದ್ರ ಕದಲದಂತೆ ಕೊರೆದರೆ ವ್ಯಾಸ 65.36 ಬೇಕು. ಆಗ 65.50ಕ್ಕೆ ಹೋಗುವುದು ಅನಿವಾರ್ಯ. ಗಣಿತದಿಂದ ಜೀವನದಲ್ಲಿ ಏನುಪಯೋಗ ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರು ಇದನ್ನು ಎರಡು ಸಲ ಓದಬೇಕು.

ಬಳಿಕ ಪಿಸ್ಟನ್ ಕೊಳ್ಳಿರಿ, ಅದನ್ನೂ ಅಳೆಯಿರಿ. ಪಿಸ್ಟನ್ ನೋಡಲು ದುಂಡಗಿದ್ದರೂ ನಿಜಕ್ಕೂ ಸ್ವಲ್ಪ ಅಂಡಾಕಾರ, ತಲೆ ಕಿರಿದು, ಬುಡ ದಪ್ಪ. ಆದ್ದರಿಂದ ಪಿನ್ನಿಗೆ ಅಡ್ಡಲಾಗಿ, ತಯಾರಕ ಸೂಚಿಸಿದ ಎತ್ತರದಲ್ಲಿ, ಬುಡದ ಬಳಿ ಮೈಕ್ರೋಮೀಟರ್ ಹಿಡಿಯಬೇಕು. ಇದರ ಅಲ್ಯೂಮಿನಿಯಂ ಮಿಶ್ರಲೋಹ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಸಾಲದ್ದಕ್ಕೆ ಸಿಲಿಂಡರಿಗಿಂತ ಹೆಚ್ಚು ಕಾಯುತ್ತದೆ. ಸಡಿಲ ಕಡಿಮೆಯಾದರೆ ನೆಲಮಂಗಲ ದಾಟುವಷ್ಟರಲ್ಲಿ ಸೀಜ್. ಹಳೆಯ ಪಿಸ್ಟನ್ನಿನ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿ, ಪಿನ್ನಿನ ಕೇಂದ್ರದಿಂದ ತಲೆಯವರೆಗಿನ ಎತ್ತರ, ಬುಡದ ಕಿಂಡಿಗಳ ಆಕಾರ, ರಿಂಗಿನ ತುದಿಗಳನ್ನು ಹಿಡಿದಿಡುವ ಸಣ್ಣ ಮೊಳೆಗಳ ಜಾಗ, ಮೂರನ್ನೂ ಹೋಲಿಸಿ ನೋಡಿ. ಆ ಮೊಳೆ ಕಿಟಕಿಯ ಎದುರಿಗೆ ಬರುವಂತಿದ್ದರೆ ಆ ಪಿಸ್ಟನ್ನನ್ನು ವಾಪಸು ಕೊಡಿ, ಚೌಕಾಸಿ ಬೇಡ. ತೂಕವನ್ನೂ ನೋಡಿರಿ, ಅಕ್ಕಸಾಲಿಗರ ತಕ್ಕಡಿ ಸಾಕು. ಹಳೆಯದಕ್ಕಿಂತ ಬಹಳ ಭಾರವಾದರೆ ನಡುಕ ಹೆಚ್ಚುತ್ತದೆ. ಇದೆಲ್ಲ ಆದ ಮೇಲೆ, ಅದೇ ಪಿಸ್ಟನ್ನನ್ನು ಲೇತಿನವರ ಕೈಗೆ ಕೊಟ್ಟು, ಇದಕ್ಕೆ ತಕ್ಕಂತೆ ಬೋರ್ ಮಾಡಿ, ಹೋನಿಂಗ್ ಮಾಡಿ, ಕಿಟಕಿಯ ಅಂಚುಗಳನ್ನು ಸವರಿಕೊಡಿ ಎಂದು ಕೇಳಬೇಕು.

ಮೆಕ್ಯಾನಿಕ್ಕುಗಳನ್ನು ನಾನು ಬೈಯುತ್ತಿದ್ದೇನೆಂದು ಭಾವಿಸಬೇಡಿ. ಕಿವಿಯಿಂದಲೇ ರೋಗ ಹೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಅಳೆಯಲು ಬರುತ್ತದೆ, ನೀವು ಬಿಡುವುದಿಲ್ಲ. ಶನಿವಾರ ಬೆಳಿಗ್ಗೆ ಬಿಟ್ಟು ಭಾನುವಾರ ಸಂಜೆಗೆ ಬೇಕೆನ್ನುತ್ತೀರಿ. ಪೇಂಟಿಗೂ ಕ್ರೋಮಿಗೂ ಸಾವಿರಗಟ್ಟಲೆ ಕೊಟ್ಟು, ಅಳೆಯುವ ಕೂಲಿಗೆ ಐವತ್ತು ರೂಪಾಯಿ ಹೆಚ್ಚಾಯಿತೆಂದು ಗೊಣಗುತ್ತೀರಿ. ಹೊರಗಿನ ಹೊಳಪನ್ನು ನೆಂಟರು ನೋಡುತ್ತಾರೆ, ಒಳಗಿನ ಬೋರನ್ನು ನೋಡುವವರಾರು ಎಂಬ ಧೋರಣೆ ನಿಮ್ಮದು. ಅವಸರದ ಗಿರಾಕಿಗೆ ಅವಸರದ ಕೆಲಸ ಸಿಗುವುದರಲ್ಲಿ ಅನ್ಯಾಯವೇನೂ ಇಲ್ಲ. ಎರಡು ವಾರ ಸಮಯ ಕೊಡಿ, ಅಳತೆಗೆ ಬೇರೆ ಕೂಲಿ ಕೊಡಿ, ಪಕ್ಕದಲ್ಲಿ ನಿಂತು ಆರೂ ಸಂಖ್ಯೆಗಳನ್ನು ಸ್ವತಃ ಬರೆದುಕೊಳ್ಳಿ.

ಬರೆದುಕೊಂಡ ಚೀಟಿಯನ್ನು ಎಸೆಯಬೇಡಿ. ದಿನಾಂಕ, ಆರು ಅಳತೆ, ಪಿಸ್ಟನ್ನಿನ ಗಾತ್ರ, ಬಿಟ್ಟ ಸಡಿಲ, ಇಷ್ಟನ್ನೂ ಬರೆದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೈಕಿನ ಟೂಲ್ ಬಾಕ್ಸಿನಲ್ಲಿ ಇಡಿ. ಮುಂದಿನ ಸಲ ಎಂಜಿನ್ ಬಿಚ್ಚುವವನು ನಿಮ್ಮ ಮಗನೋ ಮಗಳೋ ಆಗಿರಬಹುದು. ಏಣಿಯಲ್ಲಿ ಇನ್ನೆಷ್ಟು ಮೆಟ್ಟಿಲು ಉಳಿದಿವೆಯೆಂದು ಅವರಿಗೆ ಆ ಚೀಟಿಯಿಂದ ಗೊತ್ತಾಗಲಿ.